ಆಪೂಸ್ ಮರ ಒಂದು ವರ್ಷ ಹೂತು ಮರುವರ್ಷ ಏಕೆ ಸುಮ್ಮನಾಗುತ್ತದೆ?

ಧಾರವಾಡದಿಂದ ಪಶ್ಚಿಮಕ್ಕೆ ಕೆಲಗೇರಿ, ಮುಗದ, ಕಲಕೇರಿಗಳ ಕಡೆ ಹೊರಟರೆ ಎರೆಭೂಮಿ ಹಿಂದೆ ಸರಿದು ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ. ಆ ಮಣ್ಣಿನೊಡನೆಯೇ ಮಾವಿನ ತೋಟಗಳೂ ಶುರುವಾಗುತ್ತವೆ. ಕಲಘಟಗಿ, ಅಳ್ನಾವರಗಳ ಸುತ್ತಲೂ, ದಕ್ಷಿಣಕ್ಕೆ ಹಾವೇರಿ ಜಿಲ್ಲೆಯ ಹಾನಗಲ್ಲಿನ ಕಡೆಯೂ ಇಂಥ ತೋಟಗಳಿವೆ. ಅವುಗಳಲ್ಲಿ ಆಪೂಸಿಗೇ ಮೊದಲ ಮಣೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ದಿನಗಳವರೆಗೆ ಹುಬ್ಬಳ್ಳಿ-ಧಾರವಾಡದ ಪೇಟೆಗೆ ಬರುವ ಈ ಹಣ್ಣನ್ನು ಕೊಳ್ಳುವವರು ಒಂದು ವರ್ಷ ಬುಟ್ಟಿ ತುಂಬಿಸಿಕೊಂಡು ಹೋಗುತ್ತಾರೆ, ಮರುವರ್ಷ ಡಜನ್ನಿನ ದರ ಕೇಳಿ ಮುಂದಿನ ಅಂಗಡಿಗೆ ನಡೆಯುತ್ತಾರೆ. ತೋಟದವರ ಮಾತೂ ಇದಕ್ಕೆ ತಾಳೆಯಾಗುತ್ತದೆ: ‘ಹ್ವಾದ ವರ್ಷ ಗಿಡ ಜಗ್ಗಿ ಹಿಡದಿತ್ತು, ಈ ವರ್ಷ ಬರೇ ಎಲಿ.’

ಈ ಬರಿ ಎಲೆಯ ವರ್ಷಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಹಲವು. ಡಿಸೆಂಬರಿನ ಮೋಡ, ಜನವರಿಯ ಇಬ್ಬನಿ, ಜಿಗಿಹುಳು, ಬೂದಿರೋಗ, ಫೆಬ್ರುವರಿಯಲ್ಲಿ ಸುರಿದ ಅಡ್ಡಮಳೆ. ಇವೆಲ್ಲ ಹೂವನ್ನು ಕೆಡಿಸುವುದು ನಿಜ. ಆದರೆ ಹೂವೇ ಬಾರದ ಮರದ ಮಟ್ಟಿಗೆ ಇವು ಕಾರಣವಾಗಲಾರವು. ಆ ಮರದ ಫಸಲು ಏನಾಗಬೇಕೆಂಬುದು ಜೂನ್‌ನಿಂದ ಅಕ್ಟೋಬರಿನ ನಡುವೆ, ಕೊಯ್ಲು ಮುಗಿದು ಯಾರೂ ತೋಟದ ಕಡೆ ತಿರುಗಿ ನೋಡದ ತಿಂಗಳುಗಳಲ್ಲಿ, ಆಗಲೇ ತೀರ್ಮಾನವಾಗಿರುತ್ತದೆ. ನಮ್ಮ ಭಾಗದಲ್ಲಿ ಆಪೂಸಿನ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಐದು ತಿಂಗಳಿಗೆ ಸಿಗಬೇಕಾದ ಗಮನ ಸಿಗುತ್ತಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮರದ ಹುಟ್ಟನ್ನು ಗಮನಿಸಬೇಕು. ಮಾವಿನಲ್ಲಿ ಎರಡು ಬಗೆಯ ಬೀಜಗಳಿವೆ. ಕೆಲವು ತಳಿಗಳ ಒಂದೇ ಗೊರಟದಿಂದ ಹಲವು ಮೊಳಕೆಗಳು ಹೊರಟು, ಅವುಗಳಲ್ಲಿ ಹೆಚ್ಚಿನವು ತಾಯಿಮರವನ್ನೇ ಹೋಲುತ್ತವೆ. ಆಪೂಸು ಆ ಗುಂಪಿನದಲ್ಲ. ಅದರ ಗೊರಟದಿಂದ ಬರುವುದು ಒಂದೇ ಮೊಳಕೆ, ಅದೂ ತಾಯಿಯ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಹೀಗಾಗಿ ಈ ತಳಿಯನ್ನು ಉಳಿಸಿಕೊಂಡು ಬಂದದ್ದು ಕಸಿಯ ಮೂಲಕ. ಪೋರ್ಚುಗೀಸರ ಕಾಲದ ಗೋವೆಯಲ್ಲಿ ಮಾವಿಗೆ ಕಸಿ ಕಟ್ಟುವ ರೂಢಿ ಬೆಳೆದು ಅಲ್ಲಿಂದ ಪಶ್ಚಿಮ ಕರಾವಳಿಗೂ ಘಟ್ಟದ ಮೇಲಕ್ಕೂ ಬಂದ ಈ ತಳಿಯ ಮರಗಳೆಲ್ಲ ಆನುವಂಶಿಕವಾಗಿ ಹೆಚ್ಚುಕಡಿಮೆ ಒಂದೇ ಮರದ ತುಂಡುಗಳು. ಹಣ್ಣಿನ ಬಣ್ಣ, ಪರಿಮಳ, ನಾರಿಲ್ಲದ ತಿರುಳು ಹೇಗೆ ಎಲ್ಲ ಮರಗಳಿಗೂ ಬಂದಿವೆಯೋ, ವರ್ಷ ಬಿಟ್ಟು ವರ್ಷ ಹೂಬಿಡುವ ಗುಣವೂ ಹಾಗೆಯೇ ಬಂದಿದೆ. ಹೊಲದ ಬದುವಿನ ಜವಾರಿ ಮಾವಿನ ಮರಗಳು ಹೀಗಲ್ಲ. ಅವು ಬೀಜದಿಂದ ಎದ್ದವು, ಒಂದರಂತೆ ಇನ್ನೊಂದಿಲ್ಲ. ಅವುಗಳಲ್ಲಿ ಪ್ರತಿ ವರ್ಷ ಕಾಯಿ ಬಿಡುವ ಮರವೂ ಸಿಗುತ್ತದೆ, ಮೂರು ವರ್ಷಕ್ಕೊಮ್ಮೆ ನೆನಪು ಮಾಡಿಕೊಂಡಂತೆ ಹೂಬಿಡುವ ಮರವೂ ಸಿಗುತ್ತದೆ.

ಈಗ ಒಂದು ಟೊಂಗೆಯ ತುದಿಯನ್ನು ಹತ್ತಿರದಿಂದ ನೋಡೋಣ. ಮಾವಿನ ಚಿಗುರು ಎಡೆಬಿಡದೆ ಬೆಳೆಯುವುದಿಲ್ಲ. ಕೆಲವು ವಾರ ಒಮ್ಮೆಲೇ ಬೆಳೆದು, ಆಮೇಲೆ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಬೆಳೆದು ನಿಂತ ಜಾಗದಲ್ಲಿ ಎಲೆಗಳು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ, ಎಲೆ ಉದುರಿದ ಮೇಲೆ ಅಲ್ಲಿ ಉಂಗುರದಂಥ ಗುರುತುಗಳು ಉಳಿಯುತ್ತವೆ. ಬೆರಳಿನಿಂದ ಟೊಂಗೆಯನ್ನು ಸವರುತ್ತ ತುದಿಯಿಂದ ಹಿಂದಕ್ಕೆ ಬಂದರೆ ಈ ಗುರುತುಗಳು ಒಂದಾದ ಮೇಲೊಂದು ಸಿಗುತ್ತವೆ, ಆ ಟೊಂಗೆ ಎಷ್ಟು ಸಲ ಚಿಗುರಿದೆ ಎಂದು ಎಣಿಸಬಹುದು. ಹೋದ ಹಂಗಾಮಿನಲ್ಲಿ ಹೂಬಿಟ್ಟ ತುದಿಯಾದರೆ ಅಲ್ಲಿ ಒಣಗಿದ ಹೂಗೊಂಚಲಿನ ಮೋಟು ಇರುತ್ತದೆ. ಇಷ್ಟನ್ನು ಓದಲು ಬಂದರೆ ಮುಂದಿನ ವರ್ಷ ಆ ಟೊಂಗೆ ಏನು ಮಾಡೀತೆಂಬ ಅಂದಾಜು ಅಕ್ಟೋಬರಿನಲ್ಲಿಯೇ ಸಿಗುತ್ತದೆ.

ಪ್ರತಿ ಟೊಂಗೆಯ ತುದಿಯಲ್ಲಿ ಒಂದು ಮೊಗ್ಗಿರುತ್ತದೆ. ಆ ಮೊಗ್ಗು ಒಡೆದಾಗ ಎಲೆಯ ಚಿಗುರಾಗಬೇಕು, ಇಲ್ಲವೇ ಹೂಗೊಂಚಲಾಗಬೇಕು. ಹೂಗೊಂಚಲಾದರೆ ಆ ತುದಿಯ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಮುಂದಿನ ಚಿಗುರು ಆ ಗೊಂಚಲಿನ ಕೆಳಗಿರುವ ಪಕ್ಕದ ಮೊಗ್ಗುಗಳಿಂದ ಬರಬೇಕು. ಆ ಗೊಂಚಲಿನಲ್ಲಿ ಕಾಯಿ ನಿಂತು ಮೇ ತಿಂಗಳವರೆಗೆ ಉಳಿದರೆ, ಕಾಯಿ ಇಳಿಯುವತನಕ ಪಕ್ಕದ ಮೊಗ್ಗುಗಳು ಸಾಮಾನ್ಯವಾಗಿ ಮಲಗಿಯೇ ಇರುತ್ತವೆ. ಹಗುರ ಫಸಲಿನ ಮರ ಕೊಯ್ಲಾದ ಕೆಲವೇ ವಾರಗಳಲ್ಲಿ, ಮೃಗಶಿರಾ ಮಳೆ ಬಿದ್ದು ನೆಲ ತೋಯುತ್ತಿದ್ದಂತೆ ಚಿಗುರುತ್ತದೆ. ಮೈತುಂಬ ಕಾಯಿ ಹೊತ್ತ ಮರ ಹಾಗೆ ಚಿಗುರಲಾರದು. ಕೆಲವು ಮರಗಳು ಸೆಪ್ಟೆಂಬರ್-ಅಕ್ಟೋಬರಿನವರೆಗೆ ಎಳೆಯುತ್ತವೆ, ಕೆಲವು ಮುಂದಿನ ಫೆಬ್ರುವರಿ-ಮಾರ್ಚಿನವರೆಗೂ ಸುಮ್ಮನಿರುತ್ತವೆ. ಕತೆಯ ತಿರುವು ಇರುವುದು ಇಲ್ಲಿ: ಎಳೆಯ ಚಿಗುರು ಹೂಬಿಡುವುದಿಲ್ಲ. ಚಿಗುರು ಹುಟ್ಟಿ ಸುಮಾರು ನಾಲ್ಕೈದು ತಿಂಗಳಾಗಿ ಬಲಿತ ಮೇಲಷ್ಟೇ ಅದರ ತುದಿಯ ಮೊಗ್ಗು ಹೂವಾಗಲು ಅರ್ಹವಾಗುತ್ತದೆ. ಜೂನ್‌ನಲ್ಲಿ ಬಂದ ಚಿಗುರು ನವೆಂಬರಿನ ಚಳಿಯ ಹೊತ್ತಿಗೆ ಬಲಿತಿರುತ್ತದೆ. ಅಕ್ಟೋಬರಿನಲ್ಲಿ ಬಂದದ್ದು ಆಗ ಇನ್ನೂ ಎಳೆಯದು.

ಬಲಿತ ಎಲೆಯನ್ನು ಗುರುತಿಸುವ ಉಪಾಯ ಸುಲಭದ್ದು. ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಮೆತ್ತಗೆ ಜೋತುಬಿದ್ದಿರುತ್ತದೆ, ಆಮೇಲೆ ತಿಳಿಹಸಿರಾಗುತ್ತದೆ, ಕೊನೆಗೆ ಕಡುಹಸಿರಾಗಿ ಗಡಸಾಗುತ್ತದೆ. ಅಂಗೈಯಲ್ಲಿ ಹಿಡಿದು ಹಿಸುಕಿದರೆ ಎಳೆಯ ಎಲೆ ಸದ್ದಿಲ್ಲದೆ ಮುದುಡುತ್ತದೆ, ಬಲಿತದ್ದು ಚರಚರನೆ ಮುರಿಯುತ್ತದೆ. ಮಾವು ಬೆಳೆಯುವ ಬೇರೆ ದೇಶಗಳಲ್ಲಿಯೂ ರೈತರು ಹೂ ತರಿಸುವ ಉಪಚಾರಕ್ಕೆ ಮೊದಲು ಇದೇ ಪರೀಕ್ಷೆ ಮಾಡುತ್ತಾರೆ.

ಎಲೆ ಬಲಿಯಬೇಕೆಂಬುದಕ್ಕೆ ಕಾರಣವಿದೆ. ಹೂವಾಗು ಎಂಬ ಸಂಕೇತ ಹುಟ್ಟುವುದೇ ಎಲೆಯಲ್ಲಿ. ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದು ಕೆಲವು ದಿನ ಹಾಗೆಯೇ ಉಳಿದರೆ ಬಲಿತ ಎಲೆಗಳು ಆ ಸಂಕೇತವನ್ನು ತಯಾರಿಸಿ ತುದಿಯ ಮೊಗ್ಗಿಗೆ ಕಳಿಸುತ್ತವೆ. ಪ್ರಯೋಗಗಳಲ್ಲಿ ಚಳಿಗೆ ಮುನ್ನ ಟೊಂಗೆಯ ಎಲೆಗಳನ್ನೆಲ್ಲ ತೆಗೆದು, ಬೇರೆ ಟೊಂಗೆಗಳಿಂದಲೂ ಸಂಕೇತ ಬಾರದಂತೆ ತೊಗಟೆಯನ್ನು ಬಳೆಯಂತೆ ಸೀಳಿ ತಡೆದಾಗ, ಅದೇ ಚಳಿಯಲ್ಲಿ ಆ ಮೊಗ್ಗು ಹೂವಾಗದೆ ಎಲೆಯಾಗಿ ಒಡೆದಿದೆ. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನವೆಂಬರ್-ಡಿಸೆಂಬರಿನ ರಾತ್ರಿಗಳಲ್ಲಿ ಇಲ್ಲಿ ಬೇಕಾದಷ್ಟು ಚಳಿ ಬೀಳುತ್ತದೆ. ಆದುದರಿಂದ ನಮ್ಮ ತೋಟಗಳಲ್ಲಿ ಕೊರತೆ ಬರುವುದು ಹೆಚ್ಚಾಗಿ ಚಳಿಯದಲ್ಲ, ಚಳಿಯ ಹೊತ್ತಿಗೆ ಬಲಿತಿರುವ ಚಿಗುರಿನದು.

ನೀರಿನ ಪಾತ್ರವೂ ಇದೇ ಲೆಕ್ಕದಲ್ಲಿ ಬರುತ್ತದೆ. ಹಿಂಗಾರಿಯ ಚಿತ್ತಿ, ಸ್ವಾತಿ ಮಳೆಗಳು ಕಡಲೆ, ಬಿಳಿಜೋಳಕ್ಕೆ ವರವಾದರೂ ಮಾವಿಗೆ ಅವುಗಳ ಅತಿ ಒಳ್ಳೆಯದಲ್ಲ. ನವಲಗುಂದ, ಗದಗದ ಕಡೆಯ ಎರೆಹೊಲದವರು ಕೈಮುಗಿದು ಕರೆಯುವ ಮಳೆ ಮುಗದದ ಮಾವಿನ ತೋಟದಲ್ಲಿ ಹೊಸ ಚಿಗುರನ್ನು ಎಬ್ಬಿಸುತ್ತದೆ. ಜೂನ್‌ನಿಂದ ಕಾದು ಬಲಿತ ತುದಿ, ನವೆಂಬರಿನಲ್ಲಿ ಹೂವಾಗಬೇಕಾದದ್ದು, ಬಿಸಿ ಇನ್ನೂ ಉಳಿದಿರುವಾಗಲೇ ತೇವ ಸಿಕ್ಕಿ ಎಲೆಯಾಗಿ ಒಡೆದುಬಿಟ್ಟರೆ ಆ ಟೊಂಗೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಳೆಯನ್ನು ತಡೆಯಲು ಯಾರಿಂದಲೂ ಆಗದು. ಆದರೆ ಹನಿ ನೀರಾವರಿ ಇರುವವರು ಹೂವಿಗೆ ಮೊದಲಿನ ಎರಡು-ಮೂರು ತಿಂಗಳು ನೀರು ನಿಲ್ಲಿಸಬೇಕೆಂದು ಹೇಳುವುದರ ಹಿಂದಿನ ತರ್ಕ ಇದೇ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ಕೊಡಬಹುದು, ಕೊಡಲೇಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಯಿ ಹೊತ್ತ ಮರಕ್ಕೆ ಚಿಗುರಲು, ಚಿಗುರಿದರೂ ಹೂಬಿಡಲು ಅಡ್ಡಿಯಾಗುವುದು ಏನು? ಇದಕ್ಕೆ ಎರಡು ಉತ್ತರಗಳಿವೆ, ಎರಡೂ ಸೇರಿಯೇ ಕೆಲಸ ಮಾಡುತ್ತವೆ. ಒಂದನೆಯದು ಆಹಾರದ್ದು. ಎಲೆಗಳು ತಯಾರಿಸಿದ ಸಕ್ಕರೆಯಲ್ಲಿ ಮಿಕ್ಕದ್ದನ್ನು ಮರವು ಪಿಷ್ಟದ ರೂಪದಲ್ಲಿ ಟೊಂಗೆ, ಕಾಂಡ, ಬೇರುಗಳಲ್ಲಿ ಕೂಡಿಡುತ್ತದೆ. ಇದೇ ಮರದ ಕಣಜ. ಹೂ ಕಚ್ಚಿದಂದಿನಿಂದ ಕಾಯಿ ಬಲಿಯಲು ಬೇಕಾಗುವ ನೂರರಿಂದ ನೂರಿಪ್ಪತ್ತು ದಿನಗಳಲ್ಲಿ ದೊಡ್ಡ ಫಸಲು ಆ ದಿನಗಳ ಗಳಿಕೆಯನ್ನಷ್ಟೇ ಅಲ್ಲ, ಕಣಜದಲ್ಲಿದ್ದುದನ್ನೂ ಎಳೆದುಕೊಳ್ಳುತ್ತದೆ. ಕಣಜ ಬರಿದಾದ ಮರ ಮೊದಲು ಅದನ್ನು ತುಂಬಿಕೊಳ್ಳಬೇಕು.

ಎರಡನೆಯದು ಗೊರಟದೊಳಗಿನ ಬೀಜದ್ದು, ನನಗೆ ಇದು ಇನ್ನೂ ಸೋಜಿಗದ ಸಂಗತಿ. ಬೆಳೆಯುವ ಬೀಜವು ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನನ್ನು ಹೇರಳವಾಗಿ ಉತ್ಪಾದಿಸುತ್ತದೆ. ಕಾಯಿಯ ಬೆಳವಣಿಗೆಗೆ ಅದು ಬೇಕು. ಆದರೆ ಮಾವಿನಲ್ಲಿ ಜಿಬ್ಬರೆಲಿನ್ ಹೂವನ್ನು ತಡೆಯುತ್ತದೆ. ಅದು ಹೆಚ್ಚಿರುವ ಮೊಗ್ಗು ಎಲೆಯ ಕಡೆಗೆ ವಾಲುತ್ತದೆ. ಎಂದರೆ ಈ ವರ್ಷದ ಕಾಯಿ ತನ್ನ ಬೀಜದ ಮೂಲಕ ಬರುವ ವರ್ಷದ ಹೂವಿಗೆ ತಡೆ ಒಡ್ಡುತ್ತದೆ. ಕೊಂಕಣದಲ್ಲಿ ಈ ಹಾರ್ಮೋನಿನ ಇದೇ ತಡೆಯುವ ಗುಣವನ್ನು ಫಸಲು ಉಳಿಸಿಕೊಳ್ಳಲೂ ಬಳಸುತ್ತಾರೆ. ಅಲ್ಲಿ ಚಳಿ ಬಿಟ್ಟು ಬಿಟ್ಟು ಬಂದ ವರ್ಷ ಮರಗಳು ಮಿಡಿ ಕಚ್ಚಿದ ಮೇಲೂ ಅದೇ ಟೊಂಗೆಯಿಂದ ಮತ್ತೆ ಹೂಗೊಂಚಲು ಹೊರಡಿಸಿ, ಮೊದಲಿನ ಮಿಡಿಗಳನ್ನು ಉದುರಿಸಿಬಿಡುತ್ತವೆ. ಆ ಎರಡನೆಯ ಹೂವನ್ನು ತಡೆಯಲು ಜಿಬ್ಬರೆಲಿನ್ ಸಿಂಪಡಿಸುವ ಶಿಫಾರಸು ಇದೆ.

ಒಂದೇ ಮರದಲ್ಲಿ ಒಂದು ಪಕ್ಕ ಹೂತು ಇನ್ನೊಂದು ಪಕ್ಕ ಚಿಗುರಿರುವ ನೋಟವನ್ನು ಜನವರಿಯಲ್ಲಿ ಈ ತೋಟಗಳಲ್ಲಿ ಯಾರು ಬೇಕಾದರೂ ನೋಡಬಹುದು. ಮೇಲೆ ಹೇಳಿದ ಲೆಕ್ಕವೆಲ್ಲ ಟೊಂಗೆ ಟೊಂಗೆಗೂ ಬೇರೆಬೇರೆಯಾಗಿ ನಡೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಹಾಗಿದ್ದರೆ ಇಡೀ ತೋಟ, ಒಮ್ಮೊಮ್ಮೆ ಇಡೀ ತಾಲ್ಲೂಕು, ಒಟ್ಟಿಗೇ ಬರಿದಾಗುವುದು ಹೇಗೆ? ಹವಾಮಾನವೇ ಎಲ್ಲವನ್ನೂ ಒಂದೇ ಸಾಲಿಗೆ ತಂದು ನಿಲ್ಲಿಸುತ್ತದೆ. ಒಂದು ವರ್ಷ ಆಲಿಕಲ್ಲು ಮಳೆಗೋ ಬೂದಿರೋಗಕ್ಕೋ ಸುತ್ತಲಿನ ಊರುಗಳ ಹೂವೆಲ್ಲ ಹಾಳಾಯಿತೆನ್ನೋಣ. ಆ ವರ್ಷ ಯಾವ ಟೊಂಗೆಯ ಮೇಲೂ ಕಾಯಿಯ ಭಾರವಿಲ್ಲ. ಎಲ್ಲವೂ ಬೇಗ ಚಿಗುರಿ ಬಲಿಯುತ್ತವೆ, ಕಣಜಗಳೆಲ್ಲ ತುಂಬುತ್ತವೆ. ಮರುವರ್ಷ ಎಲ್ಲ ಮರಗಳೂ ಮೈತುಂಬ ಹೂಬಿಟ್ಟು ಕಾಯಿ ಕಚ್ಚುತ್ತವೆ, ಪೇಟೆಯಲ್ಲಿ ದರ ಬೀಳುತ್ತದೆ. ಅದರ ಮರುವರ್ಷ ಎಲ್ಲವೂ ಒಟ್ಟಿಗೇ ದಣಿದಿರುತ್ತವೆ. ಮೂಲದ ಆಲಿಕಲ್ಲನ್ನು ಎಲ್ಲರೂ ಮರೆತ ಮೇಲೂ ಅದರ ಪರಿಣಾಮ ಹೀಗೆ ನಡೆಯುತ್ತಲೇ ಇರುತ್ತದೆ.

ಈ ಸರಪಳಿಯನ್ನು ಮುರಿಯಲು ರೈತರ ಕೈಗೆ ಬಂದ ಅತ್ಯಂತ ಬಲವಾದ ಸಾಧನ ಪ್ಯಾಕ್ಲೋಬ್ಯೂಟ್ರಜೋಲ್, ತೋಟದವರ ಬಾಯಲ್ಲಿ ಕಲ್ಟಾರ್. ಇದು ಗೊಬ್ಬರವೂ ಅಲ್ಲ, ಹೂ ತರಿಸುವ ಟಾನಿಕ್ಕೂ ಅಲ್ಲ. ಮರದೊಳಗೆ ಜಿಬ್ಬರೆಲಿನ್ ತಯಾರಾಗುವ ದಾರಿಯನ್ನೇ ಕಟ್ಟಿಹಾಕುವ ರಾಸಾಯನಿಕ. ತಡೆ ಕಡಿಮೆಯಾದಾಗ ಮೊಗ್ಗು ಹೂವಿನ ಕಡೆ ತಿರುಗುತ್ತದೆ. ಆಪೂಸಿನಲ್ಲಿ ಇದರ ಬಳಕೆಯನ್ನು ರೂಢಿಸಿದ್ದು ಮಹಾರಾಷ್ಟ್ರದ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ. ಅಲ್ಲಿನ ಶಿಫಾರಸಿನಂತೆ ಮರದ ಹರವಿನ ವ್ಯಾಸದ ಪ್ರತಿ ಮೀಟರಿಗೆ 0.75 ಗ್ರಾಂ ಮೂಲವಸ್ತು, ಎಂದರೆ ಶೇ. 25ರ ದ್ರಾವಣವಾದರೆ 3 ಮಿ.ಲೀ. ಕೊಡಬೇಕು. ಎಂಟು ಮೀಟರ್ ಹರವಿನ ಮರಕ್ಕೆ 24 ಮಿ.ಲೀ. ಆಯಿತು. ಅದನ್ನು ಮೂರರಿಂದ ಐದು ಲೀಟರ್ ನೀರಿನಲ್ಲಿ ಬೆರೆಸಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನೆಲದಲ್ಲಿ ತೇವವಿರುವಾಗ, ಹರವಿನ ಕೆಳಗೆ ಸುತ್ತಲೂ ತೋಡಿದ ಚಿಕ್ಕ ಕುಣಿಗಳಲ್ಲಿ ಹಾಕುತ್ತಾರೆ.

ಅಳತೆ ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಕಾರಣವಿದೆ. ಈ ವಸ್ತು ಮಣ್ಣಿನಲ್ಲಿ ಬೇಗ ಕರಗಿಹೋಗುವುದಿಲ್ಲ. ಹೋದ ವರ್ಷ ಹಾಕಿದ್ದರ ಒಂದು ಪಾಲು ಈ ವರ್ಷವೂ ಉಳಿದಿರುತ್ತದೆ. ಹೆಚ್ಚಾದರೆ ಚಿಗುರಿನ ಗೆಣ್ಣುಗಳು ಮೊಟಕಾಗಿ, ಹೂಗೊಂಚಲುಗಳು ಗಿಡ್ಡಗೆ ಒತ್ತೊತ್ತಾಗಿ ಬರುತ್ತವೆ, ಅಂಥ ಒತ್ತಿನಲ್ಲಿ ಬೂದಿರೋಗಕ್ಕೂ ಜಿಗಿಹುಳುವಿಗೂ ಆಶ್ರಯ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ಕಲ್ಟಾರ್ ತಡೆಯನ್ನು ತೆಗೆಯುತ್ತದೆಯೇ ಹೊರತು ಕಣಜವನ್ನು ತುಂಬುವುದಿಲ್ಲ. ಗೊಬ್ಬರ, ಆರೈಕೆ ಇಲ್ಲದ ಮರಕ್ಕೆ ಮೇಲಿಂದ ಮೇಲೆ ಇದನ್ನು ಕೊಟ್ಟು ಪ್ರತಿ ವರ್ಷ ಕಾಯಿ ಹೊರಿಸುತ್ತ ಹೋದರೆ ಮರ ಸೊರಗುತ್ತದೆ. ಎಳೆಯ ಮರಗಳಿಗೆ, ರೋಗ ಹತ್ತಿದ ಮರಗಳಿಗೆ ಇದನ್ನು ಹಾಕಲೇಬಾರದು.

ತೋಟವನ್ನು ಗುತ್ತಿಗೆ ಕೊಡುವ ನಮ್ಮ ಪದ್ಧತಿಯ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಹೂವು ನೋಡಿ ಒಂದೇ ಹಂಗಾಮಿಗೆ ತೋಟ ಹಿಡಿಯುವವರ ಹಣ ಮೇ ತಿಂಗಳಿಗೆ ಕೈಸೇರಬೇಕು. ಜೂನ್‌ನಿಂದ ಅಕ್ಟೋಬರಿನವರೆಗಿನ ಆರೈಕೆಯ ಫಲ ಅವರಿಗೆ ಸಿಗುವುದಿಲ್ಲ, ಆದ್ದರಿಂದ ಆ ತಿಂಗಳುಗಳಲ್ಲಿ ತೋಟಕ್ಕೆ ಹಣ ಹಾಕುವ ಕಾರಣವೂ ಅವರಿಗಿಲ್ಲ. ಇದರಲ್ಲಿ ಅವರನ್ನು ದೂರುವುದಕ್ಕೆ ಏನೂ ಇಲ್ಲ, ಕರಾರೇ ಹಾಗಿದೆ. ಆದರೆ ಮಾಲೀಕರೂ ಆ ತಿಂಗಳುಗಳಲ್ಲಿ ಸೋಯಾಬೀನು, ಗೋವಿನಜೋಳ, ಭತ್ತದ ಕೆಲಸದಲ್ಲಿ ಮುಳುಗಿರುವುದರಿಂದ ಮರವನ್ನು ನೋಡುವವರೇ ಇಲ್ಲದಂತಾಗುತ್ತದೆ. ಎರಡು ಅಥವಾ ನಾಲ್ಕು ವರ್ಷಗಳ ಕರಾರು, ಅದರಲ್ಲಿ ಕೊಯ್ಲಿನ ನಂತರ ಗೊಬ್ಬರ ಹಾಕುವುದು, ಟೊಂಗೆ ಸವರುವುದು (ಕತ್ತರಿಸಿ ತೆಗೆಯುವುದು) ಯಾರ ಜವಾಬ್ದಾರಿ ಎಂಬುದನ್ನು ಬರೆದಿಡುವುದು, ಅಗತ್ಯವಿದೆಯೆಂದು ನನಗನ್ನಿಸುತ್ತದೆ. ಕಲ್ಟಾರ್ ಹಾಕುವುದಾದರೆ ಅದರ ಅಳತೆ, ದಿನಾಂಕಗಳೂ ಆ ಕಾಗದದಲ್ಲಿ ಇರಲಿ.

ಆರೈಕೆ ಎಂದರೆ ಏನೆಂಬುದು ಕಷ್ಟದ ವಿಷಯವಲ್ಲ, ಅದರ ಸಮಯ ಮಾತ್ರ ಬಿಗಿಯಾದದ್ದು. ಕಾಯಿ ಇಳಿದ ಎರಡು-ಮೂರು ವಾರಗಳೊಳಗೆ ಒಣಗಿದ ಗೊಂಚಲಿನ ಮೋಟುಗಳನ್ನು, ರೋಗ ಬಿದ್ದ ಮತ್ತು ಒಂದಕ್ಕೊಂದು ತಿಕ್ಕಾಡುವ ಟೊಂಗೆಗಳನ್ನು ಸವರಬೇಕು. ನೆತ್ತಿಯ ನಡುವೆ ಬಿಸಿಲು ಇಳಿಯುವಂತಾಗಬೇಕು. ತುದಿ ಕತ್ತರಿಸಿದ ಟೊಂಗೆಯ ಪಕ್ಕದ ಮೊಗ್ಗುಗಳು ಮಳೆ ಸಿಕ್ಕೊಡನೆ ಎದ್ದು ಜೂನ್-ಜುಲೈನಲ್ಲಿಯೇ ಚಿಗುರಾಗುತ್ತವೆ. ಇದೇ ಕೆಲಸವನ್ನು ಪುರುಸೊತ್ತು ಸಿಕ್ಕಿತೆಂದು ಸೆಪ್ಟೆಂಬರಿನಲ್ಲಿ ಮಾಡಿದರೆ, ಎಬ್ಬಿಸಿದ ಚಿಗುರು ಚಳಿಗಾಲಕ್ಕೆ ಎಳೆಯದಾಗಿ ಉಳಿದು ಇರುವ ಫಸಲೂ ಕೈಬಿಡುತ್ತದೆ. ಹತ್ತು ವರ್ಷ ದಾಟಿದ ಮರಕ್ಕೆ ವರ್ಷಕ್ಕೆ ಸುಮಾರು 1.7 ಕೆ.ಜಿ. ಯೂರಿಯಾ, 1.1 ಕೆ.ಜಿ. ಸೂಪರ್ ಫಾಸ್ಫೇಟ್, 1.15 ಕೆ.ಜಿ. ಪೊಟ್ಯಾಷ್ ಎಂಬುದು ಬಹುಕಾಲದಿಂದ ಬಂದ ಸಾಮಾನ್ಯ ಶಿಫಾರಸು. ಜೊತೆಗೆ ಕೊಟ್ಟಿಗೆ ಗೊಬ್ಬರ. ಮಣ್ಣು ಪರೀಕ್ಷೆ ಮಾಡಿಸಿ ಇದನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಮೊದಲರ್ಧವನ್ನು ಮುಂಗಾರಿನ ಆರಂಭದಲ್ಲಿಯೇ, ಕಾಂಡದ ಬುಡಕ್ಕಲ್ಲ, ಹರವಿನ ಅಂಚಿನ ಕೆಳಗೆ ಹಾಕಬೇಕು. ಅಲ್ಲಿಯೇ ಹೀರುವ ಬೇರುಗಳಿರುತ್ತವೆ.

ಇಷ್ಟು ಮಾಡಿದರೂ ಆಪೂಸು ತೋತಾಪುರಿಯಾಗುವುದಿಲ್ಲ. ಭಾರಿ ವರ್ಷದ ಭಾರ ಸ್ವಲ್ಪ ಇಳಿದು, ಬರಿ ವರ್ಷದಲ್ಲಿ ಕೆಲವು ಟೊಂಗೆಗಳಾದರೂ ಹೂಬಿಡುವಂತಾದರೆ ಅದೇ ಯಶಸ್ಸು. ಪ್ರತಿ ವರ್ಷ ಹೂಬಿಡುವ ನೀಲಂ, ತೋತಾಪುರಿಗಳ ಗುಣವನ್ನು ಆಪೂಸಿನ ರುಚಿಯೊಡನೆ ಕೂಡಿಸುವ ಪ್ರಯತ್ನಗಳು ತಳಿ ಸಂಶೋಧನೆಯಲ್ಲಿ ದಶಕಗಳಿಂದ ನಡೆದಿವೆ. ದಾಪೋಲಿ ವಿದ್ಯಾಪೀಠದ ವೆಂಗುರ್ಲಾ ಕೇಂದ್ರದಿಂದ 1981ರಲ್ಲಿ ಬಂದ ರತ್ನಾ, ನೀಲಂ ಮತ್ತು ಆಪೂಸಿನ ಸಂಕರ. ರತ್ನಾವನ್ನು ಮತ್ತೆ ಆಪೂಸಿನೊಡನೆ ಕೂಡಿಸಿ 1992ರಲ್ಲಿ ಹೊರತಂದ ಸಿಂಧುವಿನ ಗೊರಟ ತೀರ ತೆಳ್ಳಗಿನದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್, ಆಪೂಸು ಮತ್ತು ಬಂಗನಪಲ್ಲಿಯ ಮಗು. ಪೇಟೆ ಇನ್ನೂ ಕೇಳುವುದು ಆಪೂಸನ್ನೇ ಆದ್ದರಿಂದ ಇಡೀ ತೋಟವನ್ನು ಬದಲಿಸಿ ಎಂದು ಯಾರಿಗೂ ಹೇಳಲಾಗದು. ಆದರೆ ಹೊಸ ತೋಟ ಹಾಕುವವರು ನಾಲ್ಕೈದು ಸಾಲಿಗೊಂದು ಸಾಲು ಇಂಥ ತಳಿಗಳಿಗೆ ಕೊಡಬಹುದು. ಹಳೆಯ ತೋಟದಲ್ಲಿ ಸದಾ ಹಿಂದೆ ಬೀಳುವ ಮರವಿದ್ದರೆ ಅದನ್ನು ಬುಡಸಮೇತ ಕೀಳದೆ, ಟೊಂಗೆಗಳನ್ನು ಮೊಟಕು ಮಾಡಿ, ಹೊರಡುವ ಹೊಸ ಚಿಗುರುಗಳ ಮೇಲೆ ಬೇರೆ ತಳಿಯ ಕಸಿ ಕಟ್ಟಿಸಬಹುದು. ಬೇರು ಹಳೆಯದೇ ಇರುವುದರಿಂದ ಅಂಥ ಮರ ಮೂರ್ನಾಲ್ಕು ವರ್ಷಗಳಲ್ಲಿ ಮತ್ತೆ ಕಾಯಿಗೆ ಬರುತ್ತದೆ.